ಗಣಿತ ಕಿಟ್ ಮತ್ತು ಪಂಚಾಯಿತಿ ಗಣಿತ ಸ್ಪರ್ಧೆ: ಒಬ್ಬ ತಾಯಿಯ ಅನುಭವ

ಸ್ವಯಂಸೇವಾ ಸಂಸ್ಥೆ ಅಕ್ಷರ ಫೌಂಡೇಶನ್‌ನವರು ಶಿಕ್ಷಣ ಇಲಾಖೆ ಜೊತೆ ಸೇರಿ ಸರ್ಕಾರಿ ಶಾಲೆಗಳಿಗೆ ಕೊಟ್ಟಿರುವ ಗಣಿತ ಕಿಟ್ ಬಗ್ಗೆ ಬರೆಯುತ್ತಿದ್ದೇನೆ. 'ಗಣಿತ ಕಲಿಕಾ ಆಂದೋಲನ' ಅಂತ ಈ ಕಾರ್ಯಕ್ರಮದ ಹೆಸರು. ಮುಖ್ಯವಾಗಿ 4 ಮತ್ತು 5ನೇ ತರಗತಿಗೆ. ನನ್ನ ಮಗಳು ಸರ್ಕಾರಿ ಶಾಲೆಯಲ್ಲೇ ಓದುತ್ತಾಳೆ, ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ.

ಸಾಮಾನು ಚೆನ್ನಾಗಿದೆ. ಅಬಾಕಸ್, ಬಿಡಿ-ಹತ್ತು-ನೂರರ ಬ್ಲಾಕುಗಳು, ಆಟದ ನೋಟು, ಗಡಿಯಾರ, ಅಳತೆ ಟೇಪು, ಎಲ್ಲಾ ಇವೆ. ನನಗೆ ಜಾಸ್ತಿ ಇಷ್ಟವಾಗಿದ್ದು ಭಿನ್ನರಾಶಿ ಪಟ್ಟಿಗಳು. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ಮೂರರಲ್ಲೊಂದು ಭಾಗಕ್ಕಿಂತ ನಾಲ್ಕರಲ್ಲೊಂದು ಭಾಗವೇ ದೊಡ್ಡದು ಅಂತ ಮಗಳು ವಾದ ಮಾಡುತ್ತಿದ್ದಳು. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟ ಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆದರೆ ಕಿಟ್ ಬಂದ ಮಾತ್ರಕ್ಕೆ ಇದೆಲ್ಲ ಆಗುವುದಿಲ್ಲ. ನಮ್ಮೂರಿನಲ್ಲಿ ಅದು ತುಂಬಾ ದಿನ ಬೀರುವಿನಲ್ಲೇ ಇತ್ತು. ಕೇಳಿದರೆ, "ಬಿಲ್ಲೆ ಕಳೆದರೆ ನಾನೇ ಲೆಕ್ಕ ಕೊಡಬೇಕಲ್ಲಮ್ಮ" ಅಂದರು ಮೇಷ್ಟ್ರು. ಅವರ ಭಯದಲ್ಲೂ ನ್ಯಾಯ ಇತ್ತು. ಕಳೆದುಹೋದರೆ ಹೊಣೆ ನಮ್ಮದು ಅಂತ ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿದೆವು. ಮಾರನೇ ವಾರ ಕಿಟ್ ತರಗತಿಗೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಸುಮ್ನೆ ಸಹಿ ಹಾಕಿ ಎದ್ದು ಬರೋಕೆ ಅಲ್ಲ ಅಲ್ವಾ?

ಇದಕ್ಕೆ ಬಲ ಕೊಟ್ಟಿದ್ದು ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ. ಸುತ್ತಲಿನ ಸರ್ಕಾರಿ ಶಾಲೆಗಳ 4, 5, 6ನೇ ತರಗತಿ ಮಕ್ಕಳು ಒಂದೇ ಕಡೆ ಕೂತು ಪರೀಕ್ಷೆ ಬರೆಯುತ್ತಾರೆ. ಖರ್ಚಿಗೆ ಊರವರೇ ಕೈ ಜೋಡಿಸಬೇಕು. ನಮ್ಮಲ್ಲಿ ಗೊಬ್ಬರದ ಅಂಗಡಿಯವರು ಬಹುಮಾನ ಕೊಟ್ಟರು, ಹಾಲಿನ ಡೇರಿಯವರು ಮಕ್ಕಳಿಗೆಲ್ಲ ಚಿತ್ರಾನ್ನ ಮಾಡಿಸಿದರು. ಭಾಗಾಕಾರದಲ್ಲಿ ಹೆಚ್ಚು ಮಕ್ಕಳು ತಪ್ಪಿದ್ದಾರೆ ಅಂತ ಎಲ್ಲರೆದುರು ಗೊತ್ತಾಯಿತು. ಅಲ್ಲಿವರೆಗೆ ಶಾಲೆ ಅಂದರೆ ಕಾಂಪೌಂಡು, ಬಣ್ಣ ಅಂತಲೇ ಮಾತಾಡುತ್ತಿದ್ದ ಪಂಚಾಯಿತಿ ಸದಸ್ಯರು ಅವತ್ತು ಮೊದಲ ಸಲ ಭಾಗಾಕಾರದ ಬಗ್ಗೆ ಕೇಳಿದರು. ನನಗೆ ನಿಜವಾಗಲೂ ಖುಷಿಯಾಯಿತು.

ಕೊರತೆಯೂ ಇದೆ. ಬಿಲ್ಲೆಗಳು ಚಿಕ್ಕವು, ಖಂಡಿತ ಕಳೆಯುತ್ತವೆ. ನಮ್ಮ ಊರಿನ ಬಡಗಿ ಮರದ ಚೂರಿನಲ್ಲಿ ಕೆಲವನ್ನು ಮಾಡಿಕೊಟ್ಟರು. ಬಹುಮಾನ ಕೆಲವರಿಗೇ ಅಂದಾಗ ಉಳಿದ ಮಕ್ಕಳ ಮುಖ ಬಾಡುತ್ತದೆ. ಎಲ್ಲರಿಗೂ ಒಂದೊಂದು ಜಾಮೆಟ್ರಿ ಬಾಕ್ಸ್ ಕೊಟ್ಟರೆ ಒಳ್ಳೆಯದು.

ಅಕ್ಷರ ಫೌಂಡೇಶನ್‌ನವರದ್ದೇ 'ಬಿಲ್ಡಿಂಗ್ ಬ್ಲಾಕ್ಸ್' ಗಣಿತ ಆ್ಯಪ್ ಕೂಡ ಕನ್ನಡದಲ್ಲಿದೆ, ಉಚಿತ. ಮನೆಯಲ್ಲಿ ಅಭ್ಯಾಸಕ್ಕೆ ಸರಿ, ಆದರೆ ಕೈಯಲ್ಲಿ ಹಿಡಿದು ಕಲಿತದ್ದಕ್ಕೆ ಅದು ಸಮವಲ್ಲ.

ನಿಮ್ಮ ಶಾಲೆಯಲ್ಲಿ ಕಿಟ್ ಎಲ್ಲಿದೆ ಅಂತ ಮುಂದಿನ ಸಭೆಯಲ್ಲೇ ಕೇಳಿ. ಸ್ಪರ್ಧೆ ಇಟ್ಟುಕೊಂಡರೆ ಸಂತೆ ದಿನ ಮಾತ್ರ ಬೇಡ, ಅಪ್ಪ ಅಮ್ಮಂದಿರು ಬರುವುದಿಲ್ಲ.