ಪರದೆ ಹತ್ತು ಇಂಚು, ಸೌಂಡು ಇಷ್ಟೇ: ಮಿಡ್ ವೇರಿಯಂಟ್ ಕಾರುಗಳ ಕಂಪನಿ ಆಡಿಯೊ

ಈಗಿನ ಸಣ್ಣ ಎಸ್‌ಯುವಿಗಳ ಮಿಡ್ ವೇರಿಯಂಟ್‌ನಲ್ಲಿ ಆಡಿಯೊಗೆಂದು ತೆಗೆದಿಟ್ಟ ದುಡ್ಡೆಲ್ಲ ಪರದೆಗೇ ಹೋಗಿರುತ್ತದೆ. ಟಚ್‌ಸ್ಕ್ರೀನ್ ಚುರುಕು, ಆಂಡ್ರಾಯ್ಡ್ ಆಟೊ ತಕರಾರಿಲ್ಲದೆ ಕೂಡಿಕೊಳ್ಳುತ್ತದೆ, ರಿವರ್ಸ್ ಕ್ಯಾಮೆರಾ ಚೊಕ್ಕ. ಹಾಡು ಹಾಕಿದರೆ ಮಾತ್ರ ಡಬ್ಬದೊಳಗಿಂದ ಬಂದಂಥ ಸದ್ದು. ವಾಲ್ಯೂಮ್ ಅರ್ಧ ದಾಟಿತೋ, ಬಾಗಿಲು ಗರಗರ. ಶೋರೂಮಿನಲ್ಲಿ ಕೇಳಿದರೆ "ಸ್ವಲ್ಪ ದಿನ ಓಡ್ಲಿ ಸರ್, ಸ್ಪೀಕರ್ ಸೆಟ್ ಆಗುತ್ತೆ" ಅನ್ನುವುದು ರೂಢಿ. ಹೊಸ ಸ್ಪೀಕರಿನ ಸಸ್ಪೆನ್ಷನ್, ಅಂದರೆ ಅದುರುವ ಭಾಗವನ್ನು ಹಿಡಿದಿಡುವ ಮೆತ್ತನೆಯ ಅಂಚು, ಮೊದಮೊದಲು ಒಂದಿಷ್ಟು ಸಡಿಲವಾಗುವುದು ನಿಜ. ಆದರೆ ಇಲ್ಲದ ಬೇಸು ಅದರಿಂದ ಹುಟ್ಟಿಕೊಳ್ಳುವುದಿಲ್ಲ.

ಬಾಗಿಲ ಪ್ಯಾನೆಲ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಇಷ್ಟು: ಪ್ಲಾಸ್ಟಿಕ್ ಚೌಕಟ್ಟಿನ ಆರೂವರೆ ಇಂಚಿನ ಪೇಪರ್ ಕೋನ್ ಸ್ಪೀಕರ್, ಅದರ ಬೆನ್ನಿಗೆ ಚಿಕ್ಕ ಮ್ಯಾಗ್ನೆಟ್, ಸುತ್ತ ತೆಳ್ಳನೆಯ ತಗಡು. ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಟ್ವೀಟರ್ (ತೀಕ್ಷ್ಣ ಸ್ವರಗಳ ಚಿಕ್ಕ ಸ್ಪೀಕರ್) ಜಾಲರಿ ಇದ್ದಮಾತ್ರಕ್ಕೆ ಒಳಗೆ ಟ್ವೀಟರ್ ಇದೆ ಎಂದುಕೊಳ್ಳಬೇಡಿ, ಕೆಳಗಿನ ವೇರಿಯಂಟ್‌ಗಳಲ್ಲಿ ಬರೀ ಜಾಲರಿ ಇರುವುದುಂಟು. ಸದ್ದನ್ನು ಹಿಂದೆ-ಮುಂದೆ ಹಂಚುವ ಫೇಡರನ್ನು ಪೂರ್ತಿ ಮುಂದಕ್ಕೆ ತಂದು ಜಾಲರಿಗೆ ಕಿವಿಯಿಟ್ಟರೆ ಗೊತ್ತಾಗುತ್ತದೆ. ಹೆಡ್ ಯೂನಿಟ್ಟಿನ (ಪರದೆಯಿರುವ ಸ್ಟೀರಿಯೊ) ಬ್ರೋಶರಿನಲ್ಲಿ "45 ವ್ಯಾಟ್ × 4" ಎಂದಿದ್ದರೆ ಅದು ಪೀಕ್, ಅಂದರೆ ಕ್ಷಣಮಾತ್ರದ ಗರಿಷ್ಠ ಲೆಕ್ಕ. ನಿಜವಾಗಿ ಒಂದೊಂದು ಚಾನೆಲ್‌ಗೆ ಸಿಗುವ ಆರ್‌ಎಂಎಸ್ (ಸತತವಾಗಿ ಸಿಗುವ) ಶಕ್ತಿ 15ರಿಂದ 20 ವ್ಯಾಟ್ ಆಸುಪಾಸು.

ಹಾಗೆಂದು ನೇರ ಆಡಿಯೊ ಅಂಗಡಿಗೆ ಓಡಬೇಕಿಲ್ಲ. ದೂರುಗಳಲ್ಲಿ ಎಷ್ಟೋ ಪಾಲು ಸ್ಪೀಕರಿನದ್ದಲ್ಲ, ಫೋನಿನದ್ದು.

ಒಂದೇ ಹಾಡನ್ನು 320 ಕೆಬಿಪಿಎಸ್ ಎಂಪಿ3 ಅಥವಾ ಫ್ಲ್ಯಾಕ್ ಫೈಲಾಗಿ ಪೆನ್‌ಡ್ರೈವಿನಿಂದ ಕೇಳಿ, ಆಮೇಲೆ ಬ್ಲೂಟೂತ್‌ನಲ್ಲಿ ಕೇಳಿ. ಪೆನ್‌ಡ್ರೈವಿನಲ್ಲಿ ಚೆನ್ನಾಗಿದ್ದು ಬ್ಲೂಟೂತ್‌ನಲ್ಲಿ ಮಂಕಾದರೆ ಕಾರನ್ನು ಬಯ್ಯಬೇಡಿ. ಫೋನಿನ ಮೀಡಿಯಾ ವಾಲ್ಯೂಮ್ ಪೂರ್ತಿ ಏರಿಸಿ, ಏರಿಳಿತವನ್ನು ಕಾರಿನ ನಾಬ್‌ನಲ್ಲಿ ಮಾಡಿ. ಫೋನಿನಲ್ಲೊಂದು ಈಕ್ವಲೈಜರ್, ಕಾರಿನಲ್ಲೊಂದು ಇದ್ದರೆ ಫೋನಿನದ್ದನ್ನು ಬಂದ್ ಮಾಡಿ. ಕಾರಿನದ್ದನ್ನು ಫ್ಲ್ಯಾಟ್‌ಗೆ ತನ್ನಿ; ಸರೌಂಡ್, ಬೇಸ್ ಬೂಸ್ಟ್ ಎರಡೂ ಬಂದ್. ಹೆಡ್ ಯೂನಿಟ್ಟಿನೊಳಗಿನ 18 ವ್ಯಾಟಿನ ಆಂಪ್ಲಿಫೈಯರ್‌ಗೆ ಬೇಸ್ ಬೂಸ್ಟ್ ಕೊಟ್ಟು ವಾಲ್ಯೂಮ್ ಏರಿಸಿದರೆ ಅದು ಕ್ಲಿಪ್ ಆಗುತ್ತದೆ, ಹಾಡು ಒಡೆದು ಕೇಳುತ್ತದೆ. ಬೇಸು ಸಾಲದೆನಿಸಿದರೆ ಟ್ರೆಬಲ್ ಎರಡು ಹಂತ ಇಳಿಸಿ ನೋಡಿ.

ಇನ್ನೊಂದು ಮಲೆನಾಡಿನದ್ದೇ ಸಂಗತಿ. ಸ್ಟ್ರೀಮಿಂಗ್ ಆಪ್‌ಗಳಲ್ಲಿ ಗುಣಮಟ್ಟ "ಆಟೊಮ್ಯಾಟಿಕ್" ಎಂದಿರುತ್ತದೆ. ಶಿವಮೊಗ್ಗದೊಳಗೆ ಸರಿಯಾಗಿ ಕೇಳುವ ಹಾಡು ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆ ಹೋದಂತೆ ತೆಳುವಾಗುವುದು ಇದರಿಂದಲೇ; ಸಿಗ್ನಲ್ ಕುಗ್ಗಿದಂತೆ ಆಪ್ ಬಿಟ್‌ರೇಟ್ ಇಳಿಸುತ್ತದೆ. ಮನೆಯ ವೈಫೈನಲ್ಲಿ ಅತಿ ಹೆಚ್ಚಿನ ಗುಣಮಟ್ಟಕ್ಕೆ ಇಟ್ಟು ಡೌನ್‌ಲೋಡ್ ಮಾಡಿಕೊಂಡರೆ ಹುಲಿಕಲ್ ಘಾಟಿಯಲ್ಲೂ ಒಂದೇ ಸಮ. ಘಾಟಿಯಲ್ಲಿ ಎಫ್‌ಎಂ ಕೊರಗುಟ್ಟುವುದಕ್ಕೆ ಮಾತ್ರ ಮದ್ದಿಲ್ಲ, ಗುಡ್ಡಗಳಿಗೆ ಬಡಿದು ಬರುವ ಅಲೆಗಳ ಕಿತಾಪತಿ ಅದು. ಆದರೆ ಊರೊಳಗೇ ಭದ್ರಾವತಿ ಆಕಾಶವಾಣಿ ಗೊರಗೊರ ಎಂದರೆ ಡ್ಯಾಶ್‌ಕ್ಯಾಮ್ ಮತ್ತು ಚಾರ್ಜರ್ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳು ಎಫ್‌ಎಂ ಬ್ಯಾಂಡಿಗೆ ಧಾರಾಳವಾಗಿ ಗದ್ದಲ ತುಂಬುತ್ತವೆ.

ಪರೀಕ್ಷೆಗೆ ಸಿನಿಮಾ ಹಾಡಿಗಿಂತ ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗ್ ವಾಸಿ. ಚಂಡೆಯ ಪೆಟ್ಟು ಕಿವಿಗೆ ಚುಚ್ಚಿದರೆ ಟ್ರೆಬಲ್ ಅತಿಯಾಗಿದೆ, ಮೊಂಡಾದರೆ ಟ್ವೀಟರ್ ಇಲ್ಲ ಅಥವಾ ಕೆಲಸ ಮಾಡುತ್ತಿಲ್ಲ. ಮದ್ದಳೆಯ ಎಡ-ಬಲ ಮುಖಗಳ ನಾದ ಬೇರೆಬೇರೆಯಾಗಿ ಕೇಳಬೇಕು. ಬೇಸ್ ಪರೀಕ್ಷೆಗೆ ಡೊಳ್ಳು ಸಾಕು.

ಡೊಳ್ಳು ಹಾಕಿದಾಗಲೇ ಇನ್ನೊಂದು ದೋಷವೂ ಬಯಲಾಗುತ್ತದೆ: ಸ್ಪೀಕರ್ ತಂತಿ ಉಲ್ಟಾ. ಕಾರ್ಖಾನೆಯ ಕಪ್ಲರ್‌ನಲ್ಲಿ (ತಂತಿ ಜೋಡಿಸುವ ಪ್ಲಗ್) ಇದು ಅಪರೂಪ, ಆದರೆ ಡೆಲಿವರಿಗೆ ಮುಂಚೆ ಡೀಲರ್ ಆಕ್ಸೆಸರಿಯಾಗಿ ಸ್ಪೀಕರ್ ಹಾಕಿಸಿದ ಕಾರುಗಳಲ್ಲಿ ಸಿಗುತ್ತದೆ. ಫೇಡರ್ ಮುಂದಕ್ಕೆ ತಂದು ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಸರಿಸಿ ಕೇಳಿ, ಆಮೇಲೆ ನಡುವಿಗೆ ತನ್ನಿ. ಎರಡು ಸ್ಪೀಕರ್ ಸೇರಿದಾಗ ಬೇಸು ಏರಬೇಕು. ಬದಲಿಗೆ ಇಳಿದು, ದನಿ ಎಲ್ಲಿಂದಲೋ ತೇಲಿಬಂದಂತಾದರೆ ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿದೆ. ಹಿಂದಿನ ಜೋಡಿಗೂ ಹೀಗೇ ಮಾಡಿ. ಖಚಿತವಾಗಬೇಕಾದರೆ ಕಪ್ಲರ್ ಕಳಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಸ್ಪೀಕರಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿ. ಪ್ಲಸ್‌ಗೆ ಪ್ಲಸ್ ಸೇರಿದಾಗ ಕೋನ್ ಹೊರಕ್ಕೆ ಚಿಮ್ಮಬೇಕು. ತಂತಿ ಅದಲುಬದಲು ಮಾಡುವುದು ಐದು ನಿಮಿಷದ ಕೆಲಸ, ಡೀಲರ್ ಪುಕ್ಕಟೆ ಮಾಡಿಕೊಡಬೇಕು.

ಇಷ್ಟಾದರೂ ಸಮಾಧಾನವಿಲ್ಲದಿದ್ದರೆ ಮೊದಲ ಖರ್ಚು ಬಾಗಿಲಿಗೆ, ಸ್ಪೀಕರಿಗಲ್ಲ. ಸ್ಪೀಕರಿನ ಪೆಟ್ಟಿಗೆ ಎಂದರೆ ಬಾಗಿಲೇ ತಾನೆ. ಒಳತಗಡಿನ ದೊಡ್ಡ ತೂತುಗಳ ಮೂಲಕ ಕೋನಿನ ಹಿಂದಿನ ಅಲೆ ಮುಂದಕ್ಕೆ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ, ಬೇಸು ಅಲ್ಲೇ ಸಾಯುತ್ತದೆ. ಗರಗರ ಎಲ್ಲಿಂದ ಎಂದು ತಿಳಿಯಲು 40ರಿಂದ 200 ಹರ್ಟ್ಜ್‌ವರೆಗಿನ ಸೈನ್ ಸ್ವೀಪ್ (ಕೆಳಸ್ವರದಿಂದ ಮೇಲಕ್ಕೆ ಏರುತ್ತ ಹೋಗುವ ಒಂದೇ ನಾದ) ಹಾಕಿ, ನಂಬರ್ ಪ್ಲೇಟ್, ಬಾಟಲಿ ಇಡುವ ಜಾಗ, ಲಾಕಿನ ಕಡ್ಡಿ ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿಯಿರಿ.

ಡ್ಯಾಂಪಿಂಗ್‌ಗೆ, ಅಂದರೆ ತಗಡಿನ ಅದುರು ತಡೆಯಲು, ಅಲ್ಯೂಮಿನಿಯಂ ಹಾಳೆಯಿರುವ 2 ಮಿ.ಮೀ. ಬ್ಯುಟೈಲ್ (ಅಂಟುವ ರಬ್ಬರ್) ಶೀಟೇ ಆಗಬೇಕು. ಡಾಂಬರು ಶೀಟ್ ಅಗ್ಗ, ಬೇಸಿಗೆಯಲ್ಲಿ ಕರಗಿ ನಾರುತ್ತದೆ. ಸ್ಪೀಕರಿನ ಹಿಂದಿನ ಹೊರತಗಡಿಗೆ ಮೊದಲು ಅಂಟಿಸಬೇಕು, ಒಳತಗಡಿನ ದೊಡ್ಡ ತೂತುಗಳನ್ನು ಆಮೇಲೆ ಮುಚ್ಚಬೇಕು. ತಗಡಿನ ಕಾಲುಭಾಗ ಮುಚ್ಚಿದರೂ ಅದುರು ಬಹುಪಾಲು ನಿಲ್ಲುತ್ತದೆ. ಹಾಳೆಯ ಮೇಲಿನ ಉಬ್ಬುಚಿತ್ತಾರ ಸಪಾಟಾಗುವವರೆಗೆ ರೋಲರ್ ಒತ್ತಿದರೆ ಮಾತ್ರ ಅದು ಹಿಡಿದ ಲೆಕ್ಕ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಗಾಜಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿಯುವುದು ಸಹಜ, ತಳದ ತೂತುಗಳಿಂದ ಹೊರಹೋಗುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಅವಸರದ ಕೆಲಸಗಾರರು ಶೀಟಿನಿಂದ ಆ ತೂತುಗಳನ್ನೇ ಮುಚ್ಚಿಬಿಡುತ್ತಾರೆ, ಎರಡು ಮಳೆಗಾಲದಲ್ಲಿ ಬಾಗಿಲಿನ ಅಡಿ ತುಕ್ಕು. ಬಾಗಿಲೊಳಗೆ ಸ್ಪಂಜು, ಹತ್ತಿ, ಗೋಣಿ ಯಾವುದೂ ಬೇಡ. ನೀರು ಹಿಡಿದು ಬೂಷ್ಟು ಬರುತ್ತದೆ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಪರದೆಯನ್ನು ಹರಿದಿದ್ದರೆ ಹಾಗೇ ಬಿಡಲು ಒಪ್ಪಬೇಡಿ, ಬ್ಯುಟೈಲ್ ಹುರಿಯಿಂದ ಸುತ್ತಲೂ ಮತ್ತೆ ಮುಚ್ಚಬೇಕು. ಕೆಲಸವನ್ನು ಡಿಸೆಂಬರಿನಿಂದ ಮೇ ಒಳಗೆ ಮಾಡಿಸುವುದು ಕ್ಷೇಮ, ಆಷಾಢದ ತೇವದಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಕೆಲವು ಕಾರುಗಳ ಬಾಗಿಲೊಳಗೆ ಸೈಡ್ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಕಂಪನಿಯ ಸರ್ವಿಸ್ ಸೆಂಟರನ್ನು ಕೇಳದೆ ಒಳತಗಡಿನ ತೂತು ಮುಚ್ಚಿಸುವುದು ಬೇಡ.

ಸ್ಪೀಕರ್ ಬದಲಿಸುವುದಾದರೆ ಮುಂದಿನ ಜೋಡಿ ಮಾತ್ರ ಸಾಕು: ಪಾಲಿಪ್ರೊಪಿಲೀನ್ ಕೋನಿನ ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್ (ಟ್ವೀಟರ್ ಬೇರೆಯಾಗಿ ಬರುವಂಥದ್ದು), 25 ಮಿ.ಮೀ. ರೇಷ್ಮೆ ಡೋಮ್ ಟ್ವೀಟರ್, 4 ಓಮ್. ಡಬ್ಬದ ಮೇಲಿನ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಸದ್ದು ಎಂಬ ಲೆಕ್ಕ) ನೋಡಿ. 90 ಡೆಸಿಬೆಲ್‌ಗಿಂತ ಹೆಚ್ಚಿದ್ದರೆ ಕಂಪನಿಯ ಹೆಡ್ ಯೂನಿಟ್ಟೇ ಎಳೆಯುತ್ತದೆ. 3 ಡೆಸಿಬೆಲ್ ಕಡಿಮೆಯಾದರೆ ಅದೇ ಸದ್ದಿಗೆ ದುಪ್ಪಟ್ಟು ಶಕ್ತಿ ಬೇಕು. ಕೂರಿಸುವ ರಿಂಗ್ ಎಂಡಿಎಫ್, ಅಂದರೆ ಒತ್ತಿದ ಮರದ ನಾರಿನ ಹಲಗೆಯದ್ದಾದರೆ ನಮ್ಮ ಮಳೆಗೆ ಊದಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನದ್ದು ಕೇಳಿ. ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ಟ್ವೀಟರ್ ತಂತಿ ಅದರ ಮುಂದೆ ಹಾಯಬಾರದು, ಹಿಂದಿನಿಂದ ಹೋಗಬೇಕು.

ಪ್ರತ್ಯೇಕ ಆಂಪ್ಲಿಫೈಯರ್ ಕೊನೆಯ ಮಾತು, ಬಹಳ ಜನಕ್ಕೆ ಬೇಕಾಗುವುದೂ ಇಲ್ಲ. ಹಾಕಿಸಿದರೆ ಶುದ್ಧ ತಾಮ್ರದ ತಂತಿ, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್, ಪೇಂಟ್ ಕೆರೆದ ಲೋಹಕ್ಕೆ ಅರ್ತ್. ಎಂಜಿನ್ ರೇಸ್ ಮಾಡಿದಂತೆ ಕುಂಯ್ ಎನ್ನುವ ಸದ್ದು ಏರಿದರೆ ಮೊದಲು ಅರ್ತ್ ನೋಡಬೇಕು.

ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಾಗಲಿ ಬೇರೆಲ್ಲೇ ಆಗಲಿ, ದರ ಕೇಳುವ ಮೊದಲು ಕಪ್ಲರ್ ಇದೆಯೇ ಎಂದು ಕೇಳಿ. ತಂತಿ ಕತ್ತರಿಸಿ ಟೇಪ್ ಸುತ್ತುವವರ ಬಳಿ ವಾರಂಟಿ ಇರುವ ಕಾರು ಬಿಡಬೇಡಿ. ಕಳಚಿದ ಕಂಪನಿ ಸ್ಪೀಕರನ್ನು ಅಂಗಡಿಯಲ್ಲೇ ಬಿಟ್ಟುಬರಬೇಡಿ, ಕಾರು ಮಾರುವಾಗ ಮತ್ತೆ ಕೂರಿಸಬಹುದು.