ಮೇರಾ ಶಿಖರಕ್ಕೆ ಗೈಡ್ ಕಂಪನಿ: ದರಪಟ್ಟಿಯಲ್ಲಿ ಕಾಣದ ಸಂಗತಿಗಳು

ನೇಪಾಳದ ಮೇರಾ ಶಿಖರದ ಎತ್ತರ 6,476 ಮೀಟರ್. ಅಲ್ಲಿ ಕಡಿದಾದ ಬಂಡೆಗಳನ್ನು ಹತ್ತಬೇಕಾದ ಪ್ರಸಂಗವಿಲ್ಲ. ಹಿಮನದಿಯ ಮೇಲೆ ದೀರ್ಘವಾದ ನಡಿಗೆ, ಕೊನೆಯಲ್ಲೊಂದು ಕಡಿದಾದ ಹಿಮದ ದಿಬ್ಬ, ಇಷ್ಟೇ. ಈ ಕಾರಣಕ್ಕೆ ಹಲವು ಕಂಪನಿಗಳು ಇದನ್ನು ಸುಲಭದ ಶಿಖರವೆಂದು ಮಾರುತ್ತವೆ, ಚಾರಣದ ಅನುಭವ ಮಾತ್ರ ಇರುವ ನಮ್ಮ ಕಡೆಯವರೂ ಧೈರ್ಯವಾಗಿ ಹೊರಡುತ್ತಾರೆ. ಆದರೆ ಕರ್ನಾಟಕದ ಅತಿ ಎತ್ತರದ ಜಾಗವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಕುಮಾರಪರ್ವತವನ್ನು ಎಷ್ಟು ಸಲ ಹತ್ತಿ ಇಳಿದರೂ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುವ 5,500 ಮೀಟರ್‌ನಲ್ಲಿ ನಮ್ಮ ದೇಹ ಹೇಗೆ ವರ್ತಿಸುತ್ತದೆಂಬುದು ಊರಿನಲ್ಲಿ ಗೊತ್ತಾಗುವುದಿಲ್ಲ. ಅದನ್ನು ನಮ್ಮ ಪರವಾಗಿ ಗಮನಿಸಿ ತೀರ್ಮಾನ ತೆಗೆದುಕೊಳ್ಳುವವರನ್ನೇ ನಾವು ಹಣ ಕೊಟ್ಟು ಗೊತ್ತುಮಾಡುವುದು.

ನಮ್ಮ ತಂಡ ಕಾಠ್ಮಂಡುವಿನ ಮಧ್ಯಮ ಗಾತ್ರದ ಕಂಪನಿಯೊಂದರ ಮೂಲಕ ಹೋಗಿಬಂದಿತು. ಅದರ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬರೆಯುತ್ತಿಲ್ಲ. ಈ ಉದ್ಯಮದಲ್ಲಿ ಒಂದೇ ಕಂಪನಿಯ ಸೇವೆ ಗೈಡ್ ಬದಲಾದಂತೆ ಬದಲಾಗುತ್ತದೆ; ಆದ್ದರಿಂದ ಯಾವುದನ್ನು ನೋಡಿ ಅದನ್ನು ಆರಿಸಿದೆವು, ಬೆಟ್ಟದ ಮೇಲೆ ಅದು ಹೇಗೆ ನಡೆದುಕೊಂಡಿತು ಎಂಬುದೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ದಾರಿಯ ವ್ಯತ್ಯಾಸ. ಅಗ್ಗದ ಯೋಜನೆಗಳು ಸುಮಾರು 2,850 ಮೀಟರ್ ಎತ್ತರದ ಲುಕ್ಲಾದಲ್ಲಿ ವಿಮಾನ ಇಳಿದವರನ್ನು ಎರಡು ಮೂರು ದಿನಗಳಲ್ಲೇ 4,600 ಮೀಟರ್‌ನ ಝತ್ರ್ವಾ ಲಾ ಕಣಿವೆಮಾರ್ಗ ದಾಟಿಸಿ ಹಿಂಕು ಕಣಿವೆಗೆ ಇಳಿಸುತ್ತವೆ. ಎಚ್ಚರಿಕೆಯ ಯೋಜನೆಗಳು ದಕ್ಷಿಣಕ್ಕೆ ಬಳಸಿಕೊಂಡು, ಪಾಯಿಯಾ ಮತ್ತು ಪಂಗೋಮ್ ಹಳ್ಳಿಗಳ ಮೂಲಕ ಕಾಡಿನಲ್ಲಿ ನಿಧಾನವಾಗಿ ಏರಿ ಅದೇ ಹಿಂಕು ಕಣಿವೆಯ ಕೋಥೆ ಸೇರುತ್ತವೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಆದರೆ ಹೆಚ್ಚಿನ ಪ್ರತಿ ದಿನವೂ ಊಟ, ವಸತಿ, ಗೈಡ್ ಮತ್ತು ಪೋರ್ಟರ್‌ಗಳ ಕೂಲಿಯಾಗಿ ಲೆಕ್ಕಕ್ಕೆ ಬರುತ್ತದೆ. ಕಡಿಮೆ ದರ ಕೇಳಿದ ಕಂಪನಿ ಎಲ್ಲಿ ಉಳಿತಾಯ ಮಾಡಿದೆಯೆಂದು ಹುಡುಕಿದರೆ, ಬಹಳ ಸಲ ಉತ್ತರ ಈ ದಿನಗಳಲ್ಲೇ ಸಿಗುತ್ತದೆ. ನಾವು ಬಳಸು ದಾರಿಯನ್ನೇ ಆರಿಸಿದೆವು, ಆ ಹೆಚ್ಚುವರಿ ಹಣ ಸಾರ್ಥಕವಾಯಿತು.

ಎರಡನೆಯದಾಗಿ, ಮುಂಗಡ ಕೊಡುವ ಮೊದಲು ಎಲ್ಲ ಕಂಪನಿಗಳಿಗೂ ಒಂದೇ ಪ್ರಶ್ನೆ ಕೇಳಿದ್ದೆವು: ಇತ್ತೀಚೆಗೆ ಯಾವ ತಂಡವನ್ನು ಶಿಖರ ಮುಟ್ಟಿಸದೆ ಹಿಂದಕ್ಕೆ ಕರೆತಂದಿರಿ, ಏಕೆ? ಹೆಚ್ಚಿನವರು ತಮ್ಮಲ್ಲಿ ಹಾಗಾಗುವುದೇ ಇಲ್ಲವೆಂದು ಭರವಸೆ ಕೊಟ್ಟರು. ನಾವು ಆರಿಸಿದ ಕಂಪನಿಯವರು ಮಾತ್ರ ನಮ್ಮ ಜೊತೆ ಬರಲಿದ್ದ ಗೈಡ್‌ನನ್ನೇ ಫೋನಿನಲ್ಲಿ ಮಾತಾಡಿಸಿದರು. ಗಾಳಿಯ ಕಾರಣಕ್ಕೆ ಹೈಕ್ಯಾಂಪಿನಿಂದ, ಅಂದರೆ ಶಿಖರಕ್ಕೆ ಮುಂಚಿನ ಕೊನೆಯ ಶಿಬಿರದಿಂದ, ಇಡೀ ತಂಡವನ್ನು ಇಳಿಸಿದ್ದನ್ನು ಆತ ಯಾವ ಸಂಕೋಚವೂ ಇಲ್ಲದೆ ವಿವರಿಸಿದರು. ಎಂಟು ಸಾವಿರ ಮೀಟರ್‌ನ ಶಿಖರಗಳಲ್ಲೂ ಕಂಪನಿಯ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣದು. 2012ರಲ್ಲಿ ರಸೆಲ್ ಬ್ರೈಸ್ ಅವರ ಹಿಮೆಕ್ಸ್ ಕಂಪನಿ, ಎವರೆಸ್ಟ್ ದಾರಿಯಲ್ಲಿ ಹಿಮನದಿ ಬಿರುಕುಬಿಟ್ಟು ಕಡಿದಾಗಿ ಇಳಿಯುವ ಖುಂಬು ಐಸ್‌ಫಾಲ್‌ನ ಮೇಲೆ ತೂಗುತ್ತಿದ್ದ ಮಂಜುಗಡ್ಡೆಯ ಅಪಾಯ ಕಂಡು, ಗ್ರಾಹಕರ ಅಸಮಾಧಾನವನ್ನು ಲೆಕ್ಕಿಸದೆ ಎವರೆಸ್ಟ್ ಯಾತ್ರೆಯನ್ನೇ ನಿಲ್ಲಿಸಿತು. ಎರಡು ವರ್ಷಗಳ ನಂತರ, 2014ರ ಏಪ್ರಿಲ್ 18ರಂದು, ಅದೇ ಐಸ್‌ಫಾಲ್‌ನಲ್ಲಿ ಮಂಜುಗಡ್ಡೆ ಕುಸಿದು 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. 1996ರ ಮೇ ತಿಂಗಳ ಎವರೆಸ್ಟ್ ದುರಂತದಲ್ಲಿ ಇದರ ವಿರುದ್ಧ ಮುಖವಿತ್ತು: ಹಿಂದಿರುಗಲೇಬೇಕಾದ ಮಧ್ಯಾಹ್ನದ ಹೊತ್ತು ಮೀರಿದ ಮೇಲೂ ಹತ್ತಿದವರು ಸಂಜೆಯ ಬಿರುಗಾಳಿಗೆ ಸಿಕ್ಕಿಬಿದ್ದರು, ಸತ್ತವರಲ್ಲಿ ಎರಡು ಕಂಪನಿಗಳ ಮುಖ್ಯಸ್ಥರೂ ಇದ್ದರು.

ಗೈಡ್‌ನ ಕೆಲಸದ ಗುಣಮಟ್ಟ ನಮಗೆ ಚೆನ್ನಾಗಿ ಕಂಡದ್ದು 5,000 ಮೀಟರ್ ಆಸುಪಾಸಿನ ಖಾರೆಯಲ್ಲಿ. ತಂಡದವರೆಲ್ಲ ‘ದಾಯ್’ (ನೇಪಾಳಿಯಲ್ಲಿ ಅಣ್ಣ) ಎಂದು ಕರೆಯುತ್ತಿದ್ದ ಆತ, ಲಾಡ್ಜಿನ ಅಂಗಳದಲ್ಲಿ ಮಂಡಿಯೂರಿ ಕೂತು ಪ್ರತಿಯೊಬ್ಬರ ಬೂಟಿಗೂ ಹಿಮದಲ್ಲಿ ಜಾರದಂತೆ ಕಟ್ಟುವ ಲೋಹದ ಹಲ್ಲುಗಳ ಕ್ರ್ಯಾಂಪಾನ್ ತೊಡಿಸಿ, ಹಿಮ್ಮಡಿಯ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಕಾಲನ್ನು ಗಾಳಿಯಲ್ಲಿ ಕೊಡವಲು ಹೇಳಿದರು. ಬಾಡಿಗೆಯ ಬೂಟಿನಲ್ಲಿ ಒಬ್ಬರ ಹಿಮ್ಮಡಿ ಮೇಲಕ್ಕೇಳುತ್ತಿತ್ತು; ದಪ್ಪ ಕಾಲುಚೀಲದಿಂದ ಸರಿಮಾಡಬಹುದೆಂಬ ಮಾತನ್ನು ಒಪ್ಪದೆ, ಆಗಲೇ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದರು. ಸಂಜೆ ಊಟಕ್ಕೆ ಮುಂಚೆ ಎಲ್ಲರ ಆಮ್ಲಜನಕದ ಮಟ್ಟ ಅಳೆದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆದರೆ ಆ ಅಂಕಿಗಿಂತ ಹೆಚ್ಚಾಗಿ ಯಾರು ತಟ್ಟೆಯಲ್ಲಿ ಅನ್ನ ಬಿಟ್ಟರು, ಯಾರು ಮಾತು ಕಡಿಮೆ ಮಾಡಿದರು ಎಂಬುದರ ಮೇಲೆ ಅವರ ಕಣ್ಣಿತ್ತು.

ಹೈಕ್ಯಾಂಪಿನಲ್ಲಿ ನಮ್ಮಲ್ಲೊಬ್ಬರಿಗೆ ತಲೆನೋವು ಮಾತ್ರೆಗೂ ಇಳಿಯಲಿಲ್ಲ, ನಡಿಗೆ ತಡವರಿಸತೊಡಗಿತು. ಬೆಳಗಾಗಲಿ ನೋಡೋಣ ಎಂಬ ಮಾತೇ ಬರಲಿಲ್ಲ. ಕತ್ತಲಲ್ಲೇ ಸಹಾಯಕ ಗೈಡ್ ಅವರನ್ನು ಹಗ್ಗಕ್ಕೆ ಕಟ್ಟಿಕೊಂಡು ಖಾರೆಗೆ ಇಳಿಸಿದರು. ಇಳಿಯುತ್ತಿದ್ದಂತೆ ಅವರು ಚೇತರಿಸಿಕೊಂಡರು, ಹೆಲಿಕಾಪ್ಟರ್ ಬೇಕಾಗಲಿಲ್ಲ. ಅಗತ್ಯವಿಲ್ಲದಿದ್ದರೂ ಹೆಲಿಕಾಪ್ಟರ್ ಕರೆಸಿ ವಿಮೆಯ ಹಣ ಹೊಡೆಯುವ ದಂಧೆಯ ಬಗ್ಗೆ ನೇಪಾಳ ಸರ್ಕಾರವೇ 2018ರಲ್ಲಿ ತನಿಖೆ ನಡೆಸಿದ್ದನ್ನು ನೆನೆದರೆ, ಈ ನಡವಳಿಕೆಯ ಬೆಲೆ ತಿಳಿಯುತ್ತದೆ. ಎರಡನೆಯ ಗೈಡ್ ಇಲ್ಲದಿದ್ದರೆ ಅಂದು ಇಡೀ ತಂಡವೇ ಇಳಿಯಬೇಕಿತ್ತು, ಅಥವಾ ಅವರನ್ನು ಡೇರೆಯಲ್ಲಿ ಒಂಟಿಯಾಗಿ ಬಿಡಬೇಕಿತ್ತು. ಹಾಗಾಗಿ ಎಷ್ಟು ಜನಕ್ಕೆ ಎಷ್ಟು ಗೈಡ್‌ಗಳು ಎಂಬುದು ಒಪ್ಪಂದದಲ್ಲಿ ಬರಹರೂಪದಲ್ಲಿರಲೇಬೇಕು.

ನನ್ನ ಆಕ್ಷೇಪಣೆಗಳೂ ಇವೆ. ಪೋರ್ಟರ್‌ಗಳ ವಿಷಯದಲ್ಲಿ ಕಂಪನಿ ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆಯಾಗಲಿಲ್ಲ. ನೇಪಾಳದಲ್ಲಿ ಒಬ್ಬರ ಹೊರೆ 30 ಕಿಲೋ ಮೀರಬಾರದೆಂಬ ಅಂತರರಾಷ್ಟ್ರೀಯ ಪೋರ್ಟರ್ ರಕ್ಷಣಾ ಗುಂಪಿನ ಮಾರ್ಗಸೂಚಿಯನ್ನು ತೂಕದ ಮಟ್ಟಿಗೆ ಪಾಲಿಸಿದರು; ಆದರೆ ಇಬ್ಬರು ಹುಡುಗರು ಹಿಮದ ದಾರಿಯಲ್ಲೂ ಕ್ಯಾನ್ವಾಸ್ ಬೂಟಿನಲ್ಲೇ ನಡೆದರು. ನಾವು ಕೇಳಿದ ಮೇಲೆ ಖಾರೆಯಲ್ಲಿ ಬೂಟು ಕೊಡಿಸಿದರೆಂಬುದು ಸಮಾಧಾನವಲ್ಲ, ಕೇಳದೆಯೇ ಆಗಬೇಕಾದ ಕೆಲಸವದು. ಲುಕ್ಲಾದಲ್ಲಿ ಮೋಡ ಕವಿದು ವಿಮಾನ ನಿಂತಾಗ ಹೆಚ್ಚುವರಿ ವಸತಿಯ ಖರ್ಚು ಯಾರದೆಂಬ ಬಗ್ಗೆಯೂ ಒಪ್ಪಂದ ಮೌನವಾಗಿತ್ತು, ಕೊನೆಗೆ ನಾವೇ ತೆತ್ತೆವು.

ಒಟ್ಟಿನಲ್ಲಿ ಮೇರಾಕ್ಕಾಗಲಿ, ಅಂಥದ್ದೇ ಹಿಮನಡಿಗೆಯ ಶಿಖರಕ್ಕಾಗಲಿ ಹೋಗುವವರಿಗೆ ಇಂಥ ಕಂಪನಿಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. 6,812 ಮೀಟರ್‌ನ ಅಮಾ ದಬ್ಲಾಮ್‌ನಂಥ ಬಂಡೆ ಮತ್ತು ಮಂಜುಗಡ್ಡೆಯ ಶಿಖರಕ್ಕೆ ಇದೇ ಕಂಪನಿಯೊಂದಿಗೆ ಹೊರಡುವುದಾದರೆ ಮಾತು ಬೇರೆ. ಅದಕ್ಕೆ ಅಂತರರಾಷ್ಟ್ರೀಯ ಪರ್ವತ ಗೈಡ್‌ಗಳ ಒಕ್ಕೂಟದ ಪ್ರಮಾಣಪತ್ರ ಪಡೆದವರು ಬೇಕು. ನೇಪಾಳ 2012ರಿಂದ ಆ ಒಕ್ಕೂಟದ ಸದಸ್ಯ ದೇಶವಾಗಿರುವುದರಿಂದ ಅಂಥವರು ಅಲ್ಲಿಯೇ ಸಿಗುತ್ತಾರೆ. ನಮ್ಮ ದಾಯ್‌ಗೆ ಆ ಪ್ರಮಾಣಪತ್ರವಿರಲಿಲ್ಲ, ಇದೆಯೆಂದು ಅವರಾಗಲಿ ಕಂಪನಿಯಾಗಲಿ ಎಂದೂ ಹೇಳಿಕೊಳ್ಳಲಿಲ್ಲ.