ಕುಂಡದ ತೋಟಕ್ಕೆ ಅರ್ಕಾ ಬೀಜ: ಯಾವುದನ್ನು ತರಬಹುದು, ಯಾವುದು ಬೇಡ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳ ಬೀಜ ಸಂಸ್ಥೆಯ ಮಾರಾಟ ಕೇಂದ್ರದಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ತರಿಸಬಹುದು. ಬೀಜ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ಹೊಲದ ರೈತರಿಗಾಗಿ ಬೆಳೆಸಿದ ತಳಿಗಳು. ತಾರಸಿಯ ಮೇಲೆ ಹತ್ತು ಹದಿನೈದು ಕುಂಡ ಇಟ್ಟವರಿಗೆ ಕೆಲವು ಹೇಳಿ ಮಾಡಿಸಿದಂತಿವೆ, ಕೆಲವಕ್ಕೆ ಕೊಟ್ಟ ದುಡ್ಡು ದಂಡ.

ಮೊದಲು ತರಬೇಕಾದದ್ದು ಸೊಪ್ಪು. ಅರ್ಕಾ ಸುಗುಣ ಎಂಬ ದಂಟಿನ ತಳಿ ಬಿತ್ತಿದ 25 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ. ಬೇರುಸಹಿತ ಕೀಳದೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಗಿಣ್ಣಿನಿಂದ ಮತ್ತೆ ಚಿಗುರುತ್ತದೆ, 90 ದಿನದೊಳಗೆ ಐದಾರು ಸಲ ಕೊಯ್ಯಬಹುದು. ಎಲೆಯ ಅಡಿಯಲ್ಲಿ ಬಿಳಿ ಗುಳ್ಳೆ ಏಳುವ ಬಿಳಿ ತುಕ್ಕು ರೋಗವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ ಎರಚಿ, ಮೇಲೆ ಎರೆಗೊಬ್ಬರ ತೆಳ್ಳಗೆ ಉದುರಿಸಿದರೆ ಸಾಕು. ಅರ್ಧ ಇಂಚು ಆಳಕ್ಕೆ ಹೋದರೆ ಬಹಳಷ್ಟು ಮೇಲೆ ಬರುವುದೇ ಇಲ್ಲ. ಬಿತ್ತಿದ ಮರುದಿನವೇ ಇರುವೆಗಳು ಬೀಜ ಹೊತ್ತೊಯ್ಯುತ್ತವೆ, ಜನ ಬೀಜ ಸರಿಯಿಲ್ಲ ಎಂದು ದೂರುತ್ತಾರೆ. ಕುಂಡದ ಅಂಚಿಗೆ ಬೂದಿ ಅಥವಾ ಬೇವಿನ ಹಿಂಡಿ ಹಾಕಿದರೆ ಈ ಕಾಟ ತಗ್ಗುತ್ತದೆ. ಕೆಂಪು ಸೊಪ್ಪೇ ಬೇಕೆಂದರೆ ಅರ್ಕಾ ಅರುಣಿಮಾ ಇದೆ.

ಕೊತ್ತಂಬರಿಯಲ್ಲಿ ಅರ್ಕಾ ಈಶಾ ತನ್ನಿ. ಅಂಗಡಿಯ ಸಾಂಬಾರು ಕೊತ್ತಂಬರಿ ಬೀಜ ಹಾಕಿದರೆ ಸೊಪ್ಪು ತುಂಬುವ ಮೊದಲೇ ಹೂವಿಗೆ ಹೋಗುತ್ತದೆ. ಈಶಾ ಹೂವಿಗೆ ತಡಮಾಡುತ್ತದೆ, ಆದ್ದರಿಂದ ಒಂದೇ ಬಿತ್ತನೆಯಿಂದ ಹಲವು ಸಲ ಕೊಯ್ಯಲು ಸಿಗುತ್ತದೆ. ಕಾಳನ್ನು ಚಪ್ಪಲಿಯ ಅಡಿಯಲ್ಲಿ ಮೆಲ್ಲಗೆ ಉಜ್ಜಿ ಎರಡಾಗಿಸಿ, ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಯಾವ ತಳಿಯೂ ನಿಲ್ಲುವುದಿಲ್ಲ, ಆಗ ನೆರಳುಬಲೆ ಬೇಕೇ ಬೇಕು.

ಟೊಮೆಟೊ ವಿಚಾರದಲ್ಲಿ ನಿಧಾನಿಸಿ ಯೋಚಿಸಬೇಕು. ಎಲ್ಲರೂ ಕೇಳುವುದು ಅರ್ಕಾ ರಕ್ಷಕ್. ಇದು ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆಯ ಬೀಜ. ಎಲೆ ಮುದುಡು ನಂಜು, ಸೊರಗು ರೋಗ, ಮುಂಚಿನ ಅಂಗಮಾರಿ ಮೂರನ್ನೂ ತಡೆಯುತ್ತದೆ. ಹಣ್ಣು ಗಟ್ಟಿ, ಲಾರಿಯಲ್ಲಿ ದೂರದ ಮಾರುಕಟ್ಟೆಗೆ ಹೋದರೂ ಒಡೆಯುವುದಿಲ್ಲ. ಅಡುಗೆಮನೆಗೆ ಆ ಗಟ್ಟಿತನ ಏಕೆ ಬೇಕು? ಸಾರಿಗೆ ಬೇಕಾದ ಹುಳಿ, ರಸ ನಾಟಿ ಟೊಮೆಟೊದಲ್ಲೇ ಹೆಚ್ಚು. ಇನ್ನೊಂದು ಮುಖ್ಯ ಸಂಗತಿ, ಸೊರಗು ರೋಗ ಬರುವುದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಹೊಸ ಕೊಕೊಪೀಟ್, ಎರೆಗೊಬ್ಬರ ತುಂಬಿದ ಕುಂಡದಲ್ಲಿ ಆ ರೋಗ ಇರುವ ಸಂಭವವೇ ಕಡಿಮೆ. ಅಂಥವರಿಗೆ ಹೈಬ್ರಿಡ್ ಅಲ್ಲದ ಅರ್ಕಾ ವಿಕಾಸ್ ಸಾಕು, ಬೀಜವನ್ನೂ ಮನೆಯಲ್ಲೇ ಎತ್ತಿಡಬಹುದು.

ಮಲೆನಾಡು, ಕರಾವಳಿಯ ಹಿತ್ತಿಲಲ್ಲಿ ನೆಲಕ್ಕೇ ನೆಡುವವರ ಲೆಕ್ಕ ಬೇರೆ. ನಿನ್ನೆ ಹಸಿರಾಗಿದ್ದ ಗಿಡ ಇಂದು ಮಧ್ಯಾಹ್ನ ಜೋತುಬಿದ್ದು, ನೀರು ಹಾಕಿದರೂ ಏಳದಿದ್ದರೆ ಕಾಂಡವನ್ನು ಬುಡದ ಬಳಿ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ಸೊರಗು ರೋಗವೇ. ಅಂಥ ಮಣ್ಣಿಗೆ ರಕ್ಷಕ್‌ಗೆ ಕೊಟ್ಟ ದುಡ್ಡು ಸಾರ್ಥಕ. ಮಳೆಗಾಲದಲ್ಲಿ ಕೊನೆಯ ಅಂಗಮಾರಿಯ ಕಾಟವೂ ಇದ್ದರೆ ಅರ್ಕಾ ಅಭೇದ್ ಕೇಳಿ, ಅದು ಈ ನಾಲ್ಕನೆಯ ರೋಗವನ್ನೂ ತಡೆಯುತ್ತದೆ. ಇವು ತಡೆಯದ ರೋಗವೂ ಇದೆ. ಥ್ರಿಪ್ಸ್ ಎಂಬ ಸಣ್ಣ ಕೀಟ ಹರಡುವ ಟಾಸ್ಪೊ ನಂಜಿನಿಂದ ಕುಡಿ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಕಾಯಿಯ ಮೇಲೆ ಉಂಗುರದ ಗುರುತು ಬೀಳುತ್ತದೆ. ಕಂಡ ಕೂಡಲೇ ಗಿಡ ಕಿತ್ತು ಹಾಕುವುದೊಂದೇ ದಾರಿ.

ಬದನೆಗೂ ಇದೇ ಲೆಕ್ಕ ಹಿಡಿಯಿರಿ. ಸೊರಗು ಬರುವ ನೆಲಕ್ಕೆ ಅರ್ಕಾ ಕೇಶವ, ಅರ್ಕಾ ನೀಲಕಂಠ, ಅರ್ಕಾ ನಿಧಿ ಮೂರೂ ಆಗುತ್ತವೆ. ಕೇಶವದ್ದು ಉದ್ದ ಕಾಯಿ, ಎಣ್ಣೆಗಾಯಿಗೆ ಹೊಂದುವುದಿಲ್ಲ. ಕುಡಿ ಮತ್ತು ಕಾಯಿ ಕೊರೆಯುವ ಹುಳುವಿಗೆ ಈ ಮೂರರಲ್ಲೂ ಮದ್ದಿಲ್ಲ. ಬಾಡಿದ ಕುಡಿಯನ್ನು ಎರಡು ಇಂಚು ಕೆಳಗೆ ಚಿವುಟಿ, ಒಳಗಿನ ಹುಳುವಿನ ಸಮೇತ ನಾಶ ಮಾಡಬೇಕು. 15 ಇಂಚಿಗಿಂತ ಸಣ್ಣ ಚೀಲದಲ್ಲಿ ಬದನೆ ನೆಡಬೇಡಿ.

ಬೆಂಡೆಯ ಅರ್ಕಾ ಅನಾಮಿಕ ಹಳದಿ ನಂಜು ರೋಗವನ್ನು ತಡೆಯುವುದಕ್ಕೇ ಹೆಸರಾದ ತಳಿ. ಆ ಶಕ್ತಿ ಈಗ ಮೊದಲಿನಂತಿಲ್ಲ, ಬಿಳಿ ನೊಣ ಹೆಚ್ಚಿರುವ ಬೇಸಿಗೆಯಲ್ಲಿ ಎಲೆಯ ನರ ಹಳದಿಯಾಗುವುದುಂಟು. ಜೂನ್‌, ಜುಲೈನಲ್ಲಿ ಬಿತ್ತಿದರೆ ಚೆನ್ನಾಗಿ ಬರುತ್ತದೆ. ಬೆಂಡೆ ಸಸಿ ಕಿತ್ತು ನೆಟ್ಟರೆ ತಾಯಿಬೇರು ನೋಯುತ್ತದೆ, ಹಾಗಾಗಿ ನೆನೆಸಿದ ಬೀಜವನ್ನು ನೇರವಾಗಿ ಕುಂಡಕ್ಕೇ ಹಾಕಿ.

ಹುರುಳಿಕಾಯಿಗೆ ಗಿಡ್ಡ ಜಾತಿಯ ಅರ್ಕಾ ಕೋಮಲ್, ಚಪ್ಪರವಿದ್ದರೆ ಮಾರುದ್ದದ ಅಲಸಂದೆಗೆ ಅರ್ಕಾ ಮಂಗಳ. ಅವರೆಯಲ್ಲಿ ಮಾತ್ರ ತಳಿ ನೋಡದೆ ಬಿತ್ತಿ ಪೇಚಿಗೆ ಸಿಕ್ಕವರು ಬಹಳ. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಫೆಬ್ರವರಿಯಲ್ಲಿ ಹಾಕಿದರೆ ತಿಂಗಳುಗಟ್ಟಲೆ ಬರೀ ಬಳ್ಳಿ. ಅರ್ಕಾ ಜಯ್, ಅರ್ಕಾ ವಿಜಯ್, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಇವುಗಳಿಗೆ ಹಗಲಿನ ಹಂಗಿಲ್ಲ, ಗಿಡ್ಡ ಗಿಡದಲ್ಲಿ ವರ್ಷದ ಯಾವ ಕಾಲದಲ್ಲೂ ಹೂ ಬರುತ್ತದೆ. ಜಯ್ ಕಾಯಿಪಲ್ಯಕ್ಕೆ, ಹೆಬ್ಬಾಳ ಅವರೆ ಕಾಳಿಗೆ. ಚಳಿಗಾಲದ ನಾಟಿ ಅವರೆಯ ಸೊಗಡು ಬೇಕೆಂದರೆ ಆಗಸ್ಟ್‌ನಲ್ಲಿ ನಾಟಿ ಬೀಜವನ್ನೇ ಹಾಕಬೇಕು, ಅದಕ್ಕೆ ಬದಲಿಯಿಲ್ಲ.

ಕೊರತೆಯಿರುವುದು ಪೊಟ್ಟಣದ ಅಳತೆಯಲ್ಲಿ. ಟೊಮೆಟೊ ಒಂದು ಗ್ರಾಂಗೆ ಸುಮಾರು 300 ಬೀಜ ತೂಗುತ್ತದೆ. ರೈತರ ಲೆಕ್ಕದ 10 ಗ್ರಾಂ ತಂದರೆ ಮೂರು ಸಾವಿರ ಬೀಜ. ಮನೆಗೆ ಬೇಕಾದದ್ದು ಆರು ಗಿಡ! ನಾಲ್ಕೈದು ಮನೆಯವರು ಸೇರಿ ತರಿಸಿ ಹಂಚಿಕೊಳ್ಳುವುದು ಮೇಲು. ಬೇಕಾದ ತಳಿ ಎಲ್ಲ ಕಾಲಕ್ಕೂ ಸಿಗುವುದಿಲ್ಲ, ಬಿತ್ತನೆಗೆ ಒಂದು ತಿಂಗಳು ಮೊದಲೇ ವಿಚಾರಿಸಿ. ಪೊಟ್ಟಣ ಕೈಗೆ ಬಂದಾಗ ಪರೀಕ್ಷೆಯ ತಾರೀಖು, ಮೊಳಕೆಯ ಪ್ರಮಾಣ ಓದಿ. ಟೊಮೆಟೊ, ಬದನೆಗೆ ಕನಿಷ್ಠ ಶೇ 70, ಬೆಂಡೆಗೆ 65, ಮೆಣಸಿನಕಾಯಿಗೆ 60 ಇರಬೇಕೆಂಬುದು ನಿಯಮ. ಅನುಮಾನವಿದ್ದರೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಡಿ. ಟೊಮೆಟೊ ಒಂದು ವಾರ, ಮೆಣಸಿನಕಾಯಿ ಎರಡು ವಾರ ತೆಗೆದುಕೊಳ್ಳುತ್ತದೆ. ಮೊಳಕೆ ಸರಿಯಾಗಿ ಬಂದೂ ಟ್ರೇಯಲ್ಲಿ ಸಸಿ ಬುಡ ಕರಗಿ ಮಲಗಿದರೆ ತಪ್ಪು ಬೀಜದ್ದಲ್ಲ, ಹೆಚ್ಚಾದ ನೀರಿನದು.

ಉಳಿದ ಬೀಜವನ್ನು ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರ್ ಬೇಡ. ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬಾರದು, ತೆರೆದರೆ ಒಳಗೆ ಹನಿಗಟ್ಟುತ್ತದೆ. ಅಲಸಂದೆ, ಅವರೆ ಬೀಜ ಹೊರಗೇ ಇಡುವುದಾದರೆ ಹರಳೆಣ್ಣೆ ಸವರಿಡಿ, ಹುಳು ಹಿಡಿಯುವುದಿಲ್ಲ. ರಕ್ಷಕ್, ಅಭೇದ್‌ನಂಥ ಹೈಬ್ರಿಡ್ ಹಣ್ಣಿನ ಬೀಜವನ್ನು ಮಾತ್ರ ಎತ್ತಿಡಬೇಡಿ, ಮುಂದಿನ ಬೆಳೆಯಲ್ಲಿ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ.